ವೇಗವೆಂಬ ಸಂಸ್ಕಾರ

ತರ್ಕಶಾಸ್ತ್ರದ ಅಭ್ಯಾಸಕ್ಕೆ ತೊಡಗುವ ವಿದ್ಯಾರ್ಥಿಯ ಕೈಗೆ ಮೊದಲು ಬರುವ ಗ್ರಂಥವು ಅನ್ನಂಭಟ್ಟನ ತರ್ಕಸಂಗ್ರಹ. ಅದರಲ್ಲಿ ಇಪ್ಪತ್ತುನಾಲ್ಕು ಗುಣಗಳ ಎಣಿಕೆಯುಂಟು; ಆ ಎಣಿಕೆಯ ಕಡೆಯ ಗುಣಕ್ಕೆ ಸಂಸ್ಕಾರವೆಂದು ಹೆಸರು. ಸಂಸ್ಕಾರವು ಮೂರು ಬಗೆ: ವೇಗ, ಭಾವನೆ, ಸ್ಥಿತಿಸ್ಥಾಪಕ. ಬಿಲ್ಲಿನಿಂದ ಬಿಟ್ಟ ಬಾಣವು ಹೆದೆಯ ಸಂಪರ್ಕ ತಪ್ಪಿದ ಮೇಲೂ ಮುಂದೆ ಮುಂದೆ ಸಾಗುವುದಕ್ಕೆ ಕಾರಣವಾದುದು ವೇಗ. ಒಮ್ಮೆ ಅನುಭವಿಸಿದ ವಸ್ತುವು ಕಣ್ಣಿಗೆ ಮರೆಯಾದ ಮೇಲೂ ನೆನಪಿಗೆ ಬರುವುದಕ್ಕೆ ಕಾರಣವಾದುದು ಭಾವನೆ. ಬಗ್ಗಿಸಿದ ಕೊಂಬೆಯನ್ನು ಕೈಬಿಟ್ಟೊಡನೆ ಅದು ತನ್ನ ಮೊದಲಿನ ನಿಲವಿಗೆ ಹಿಂದಿರುಗುವುದಕ್ಕೆ ಕಾರಣವಾದುದು ಸ್ಥಿತಿಸ್ಥಾಪಕ. ಬಾಣದ ಓಟ, ಮನುಷ್ಯನ ನೆನಪು, ಕೊಂಬೆಯ ಹಿಂದಿರುಗುವಿಕೆ, ಈ ಮೂರನ್ನೂ ಒಂದೇ ಗುಣದ ಮೂರು ಭೇದಗಳೆಂದು ಎಣಿಸಿದುದೇಕೆಂದು ವಿದ್ಯಾರ್ಥಿಗಳು ಬೆರಗಾಗುವುದುಂಟು. ಅದಕ್ಕೆ ಹೇಳಬಹುದಾದ ಸಮಾಧಾನವಿಷ್ಟು: ಮೂರರಲ್ಲಿಯೂ ಹಿಂದೆ ನಡೆದುಹೋದ ಒಂದು ಸಂಗತಿಯು ತಾನು ಇಲ್ಲವಾದರೂ ತನ್ನ ಉಳಿಕೆಯ ಮೂಲಕ ಕೆಲಸ ಮಾಡುತ್ತಿರುತ್ತದೆ.

ಈ ಹಳೆಯ ವಿಭಾಗವು ಹೊಸದೊಂದು ಪ್ರಶ್ನೆಯನ್ನು ಬಿಡಿಸಲು ಒದಗುತ್ತದೆ. ಕೆಲವು ದಶಕಗಳಿಂದ ಈಚೆಗೆ ಲೋಕದ ಅನೇಕ ದೇಶಗಳಲ್ಲಿ ಪರ್ವತಗಳ ಕಾಲುದಾರಿಗಳಲ್ಲಿ ಓಡುವ ವಾಡಿಕೆಯೊಂದು ಹಬ್ಬಿದೆ. ಅದಕ್ಕೆ ಟ್ರೇಲ್ ರನ್ನಿಂಗ್ ಎಂದು ಹೆಸರು. ಸಮತಟ್ಟಾದ ಮೈದಾನದಲ್ಲಿ ಸುತ್ತು ಹಾಕುವ ಓಟವಿದಲ್ಲ. ಬಂಡೆ, ಬೇರು, ಕೆಸರು, ಹಿಮಗಳನ್ನು ದಾಟಿ, ಹಿಂದಿನವರು ದಿನವೆಲ್ಲ ನಡೆದು ಸೇರುತ್ತಿದ್ದ ಶಿಖರವನ್ನೋ ಸರೋವರವನ್ನೋ ಓಡುತ್ತಲೇ ಸೇರಿ ಓಡುತ್ತಲೇ ಹಿಂದಿರುಗುವುದು ಇದರ ಕ್ರಮ. ಹೀಗೆ ಓಡಿ ಸೇರಿದವನು ಆ ಸರೋವರವನ್ನು ನಿಜವಾಗಿ ಸೇರಿದನೆ? ಅವನ ಓಟವು ನಿರ್ದೋಷವಾದ ವಿನೋದವೋ, ದೇಹದ ತಪಸ್ಸೋ, ಅಥವಾ ಮೌನವಾಗಿರಬೇಕಾದ ಸ್ಥಳಕ್ಕೆ ಮಾಡಿದ ಅಪಚಾರವೋ? ಇದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ದೃಷ್ಟಾಂತವಿಲ್ಲದ ವಿಚಾರವು ಗಾಳಿಗೆ ಗುದ್ದಿದಂತಾದೀತು. ಆದುದರಿಂದ ಒಂದು ನಿಶ್ಚಿತವಾದ ಸ್ಥಳವನ್ನು ಎದುರಿಗೆ ಇಟ್ಟುಕೊಳ್ಳುವುದು ಲೇಸು. ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತಗಳ ನಡುವೆ ಶಾಮೊನಿ ಎಂಬ ಕಣಿವೆಯಿದೆ. ಕಣಿವೆಯ ಊರು ಸಮುದ್ರಮಟ್ಟದಿಂದ ಸುಮಾರು ೧,೦೩೫ ಮೀಟರು ಎತ್ತರದಲ್ಲಿದೆ. ಅದರ ಒಂದು ಮಗ್ಗುಲಲ್ಲಿ ಸುಮಾರು ೪,೮೦೦ ಮೀಟರು ಎತ್ತರದ ಮೋಂ ಬ್ಲಾಂ ಶಿಖರವೂ ಅದರ ಪರಿವಾರವೂ ನಿಂತಿವೆ. ಬ್ಲಾಂ ಎಂದರೆ ಬಿಳಿಯದು. ಸಂಸ್ಕೃತ ಬಲ್ಲವರು ಅದನ್ನು ಧವಳಗಿರಿಯೆಂದು ಕರೆಯಬಹುದು. ಎದುರು ಮಗ್ಗುಲಲ್ಲಿರುವುದು ಎಗ್ವೀ ರೂಜ್, ಎಂದರೆ ಕೆಂಪು ಸೂಜಿಗಳು ಎಂಬ ಹೆಸರಿನ ಬೆಟ್ಟಸಾಲು. ಆ ಸಾಲಿನ ಮಡಿಲಲ್ಲಿ ೨,೩೫೨ ಮೀಟರು ಎತ್ತರದಲ್ಲಿ ಲಾಕ್ ಬ್ಲಾಂ, ಎಂದರೆ ಶ್ವೇತಸರೋವರ, ಇದೆ. ವರ್ಷದ ಬಹುಭಾಗ ಅದರ ಮೇಲೆ ಹಿಮ ಕವಿದಿರುತ್ತದೆ. ಬೇಸಗೆಯಲ್ಲಿ ಕರಗಿ ನೀರು ತಿಳಿಯಾಗಿ, ಗಾಳಿಯಿಲ್ಲದ ಬೆಳಗಿನಲ್ಲಿ ಎದುರು ಸಾಲಿನ ಹಿಮಶಿಖರಗಳು ಅದರಲ್ಲಿ ತಲೆಕೆಳಗಾಗಿ ಕಾಣುತ್ತವೆ. ಈ ಬೆಟ್ಟಸಾಲಿನ ಮೂರು ಸಾವಿರ ಹೆಕ್ಟೇರಿಗೂ ಮಿಕ್ಕ ಭೂಮಿಯನ್ನು ಫ್ರಾನ್ಸಿನ ಸರಕಾರವು ೧೯೭೪ರಲ್ಲಿ ನಿಸರ್ಗ ರಕ್ಷಿತ ಪ್ರದೇಶವೆಂದು ಸಾರಿತು.

ಸರೋವರಕ್ಕೆ ಹೋಗುವ ದಾರಿಗಳು ಹಲವು. ಒಂದು ದಾರಿಯಲ್ಲಿ ಕಡಿದಾದ ಬಂಡೆಗೆ ಕಬ್ಬಿಣದ ಏಣಿಗಳನ್ನು ಬಿಗಿದಿದ್ದಾರೆ. ಅಲ್ಲಿ ಇಬ್ಬರು ಒಮ್ಮೆಗೆ ಸಾಗುವಂತಿಲ್ಲ. ಕಣಿವೆಯಿಂದ ನಡೆದು ಹತ್ತುವ ಸಾಮಾನ್ಯನಿಗೆ ಅರ್ಧ ದಿನ ಹಿಡಿಯುತ್ತದೆ. ಅಭ್ಯಾಸವುಳ್ಳ ಓಟಗಾರನು ಎರಡು ಗಂಟೆಗಿಂತ ಮೊದಲೇ ಮೇಲಿರುತ್ತಾನೆ. ಅರ್ಧಕ್ಕಿಂತ ಹೆಚ್ಚಿನ ಎತ್ತರವನ್ನು ತಂತಿಯ ಮೇಲೆ ತೂಗುವ ಗಾಡಿಯಲ್ಲಿ ಕುಳಿತು ಏರಿ, ಉಳಿದುದನ್ನು ಮಾತ್ರ ನಡೆಯುವವರೂ ಬಹುಮಂದಿ.

ಓಟವನ್ನು ಆಕ್ಷೇಪಿಸುವವರ ಪೂರ್ವಪಕ್ಷವನ್ನು ಮೊದಲು ಕೇಳೋಣವಾಗಲಿ. ಅವರ ಆಕ್ಷೇಪಗಳು ಮೂರು. ಓಡುವವನು ಏನನ್ನೂ ನೋಡುವುದಿಲ್ಲ, ಆದುದರಿಂದ ಅವನ ಯಾತ್ರೆಯು ವ್ಯರ್ಥವೆಂಬುದು ಒಂದು. ಓಡುವವನು ಗಡಿಯಾರವನ್ನು ಗೆಲ್ಲಲು ಹೊರಟವನು. ಪರ್ವತವು ಅವನ ಅಹಂಕಾರಕ್ಕೆ ಏಣಿಯಾಗುತ್ತದೆ ಎಂಬುದು ಎರಡನೆಯದು. ರಕ್ಷಿತವಾದ ಸ್ಥಳದಲ್ಲಿ ಓಟವು ಮೃಗಪಕ್ಷಿಗಳಿಗೂ ಗಿಡಗಳಿಗೂ ಹಾನಿಯೆಂಬುದು ಮೂರನೆಯದು. ಮೊದಲನೆಯದು ಭಾವನೆಗೂ, ಎರಡನೆಯದು ವೇಗಕ್ಕೂ, ಮೂರನೆಯದು ಸ್ಥಿತಿಸ್ಥಾಪಕಕ್ಕೂ ಸೇರಿದ ಮಾತೆಂಬುದನ್ನು ವಾಚಕರು ಆಗಲೇ ಗ್ರಹಿಸಿರಬಹುದು.

ಮೊದಲನೆಯ ಆಕ್ಷೇಪಕ್ಕೆ ಬಲ ಕೊಡುವ ಪ್ರಮಾಣವೊಂದನ್ನು ಪಾಣಿನೀಯ ಶಿಕ್ಷೆಯಿಂದ ತರಬಹುದು. ವೇದವನ್ನು ಓದುವವರಲ್ಲಿ ಅಧಮರಾದವರು ಆರು ಬಗೆಯೆಂದು ಅಲ್ಲಿ ಹೇಳಿದೆ; ಅವಸರದಿಂದ ಓದುವವನು ಅವರಲ್ಲಿ ಒಬ್ಬ. ಬೆಟ್ಟವನ್ನು ಅವಸರದಿಂದ ಓದುವವನೂ ಅಧಮನಾಗಬೇಕಲ್ಲವೆ? ಆದರೆ ಆ ಪಟ್ಟಿಯನ್ನು ಪೂರ್ತಿಯಾಗಿ ನೋಡಿದರೆ ಅರ್ಥವನ್ನರಿಯದೆ ಓದುವವನನ್ನು ಬೇರೆಯಾಗಿ ಎಣಿಸಿರುವುದು ಕಾಣುತ್ತದೆ. ಅವಸರ ಒಂದು ದೋಷ, ಅರಿಯದಿರುವುದು ಮತ್ತೊಂದು ದೋಷ. ನಿಧಾನವಾಗಿ ಓದಿದ ಮಾತ್ರಕ್ಕೆ ಅರ್ಥವಾಗುತ್ತದೆಂಬ ಭರವಸೆಯನ್ನು ಶಿಕ್ಷಾಕಾರರು ಕೊಟ್ಟಿಲ್ಲ. ಇನ್ನು ಅವಸರವನ್ನು ದೋಷವೆಂದುದು ಏಕೆ? ಅವಸರದಲ್ಲಿ ಅಕ್ಷರವು ನುಂಗಿಹೋಗುತ್ತದೆ. ಅಕ್ಷರಕ್ಕೆ ಸಲ್ಲಬೇಕಾದ ಕಾಲವು ಅದಕ್ಕೆ ಸಲ್ಲುವುದಿಲ್ಲ. ವೇಗವು ಇನ್ನೊಂದಕ್ಕೆ ಸಲ್ಲಬೇಕಾದುದನ್ನು ನುಂಗಿದಾಗ ದೋಷವಾಗುತ್ತದೆಂಬ ಈ ಸೂಕ್ಷ್ಮವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ನೈಯಾಯಿಕರು ಭಾವನೆಯ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅನುಭವವಾದ ಮಾತ್ರಕ್ಕೆ ಸಂಸ್ಕಾರವು ಹುಟ್ಟುವುದಿಲ್ಲ; ಉಪೇಕ್ಷೆಯಿಂದ ಕೂಡಿದ ಜ್ಞಾನವು ಯಾವ ಗುರುತನ್ನೂ ಉಳಿಸದೆ ಹೋಗುತ್ತದೆ ಎಂದು ವಿಶ್ವನಾಥ ಪಂಚಾನನನ ಗ್ರಂಥದಲ್ಲಿ ನಿರ್ಣಯವಿದೆ. ಬೀದಿಯಲ್ಲಿ ನಡೆವವನಿಗೆ ಸಾವಿರ ಹುಲ್ಲುಕಡ್ಡಿಗಳು ಕಾಣುತ್ತವೆ. ಸಂಜೆಗೆ ಒಂದೂ ನೆನಪಿರುವುದಿಲ್ಲ. ಹಾಗಾದರೆ ನೋಟಕ್ಕೆ ಶತ್ರುವಾದುದು ಉಪೇಕ್ಷೆ. ಉಪೇಕ್ಷೆಯು ಓಡುವವನಲ್ಲಿ ಇರಬಹುದು, ನಡೆಯುವವನಲ್ಲಿ ಇರಬಹುದು, ತೂಗುಗಾಡಿಯಲ್ಲಿ ಕುಳಿತವನಲ್ಲಿಯೂ ಇರಬಹುದು. ಸರೋವರದ ತೀರದಲ್ಲಿ ಒಂದು ಗಂಟೆ ಕುಳಿತು, ಆ ಗಂಟೆಯನ್ನೆಲ್ಲ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವುದರಲ್ಲಿ ಕಳೆದವನು ನಿಧಾನಸ್ಥನೇ ಸರಿ. ಆದರೆ ಸರೋವರವನ್ನು ಅವನು ಎಷ್ಟು ಕಂಡನು?

ಇದಕ್ಕೆ ಆ ಕಣಿವೆಯ ಚರಿತ್ರೆಯೇ ಉದಾಹರಣೆಯನ್ನು ಒದಗಿಸುತ್ತದೆ. ಜಿನೀವದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರನು ೧೭೬೦ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಶಾಮೊನಿಗೆ ಬಂದು ಧವಳಗಿರಿಯನ್ನು ಕಂಡು ಮನಸೋತು, ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದನು. ಇಪ್ಪತ್ತಾರು ವರ್ಷಗಳ ಮೇಲೆ, ೧೭೮೬ನೆಯ ಆಗಸ್ಟ್ ೮ರಂದು, ಆ ಕಣಿವೆಯ ವೈದ್ಯನಾದ ಮಿಶೆಲ್ ಪಕ್ಕಾರನೂ ಜಾಕ್ ಬಾಲ್ಮಾನೂ ಮೊದಲಿಗೆ ಶಿಖರವನ್ನು ಮುಟ್ಟಿದರು. ಮರುವರ್ಷ ಸೊಸ್ಯೂರನು ತಾನೇ ಒಬ್ಬ ಸೇವಕನೊಡನೆಯೂ ಹದಿನೆಂಟು ಮಂದಿ ದಾರಿಗಾರರೊಡನೆಯೂ ಹತ್ತಿದನು. ಶಿಖರದಲ್ಲಿ ಸುಮಾರು ನಾಲ್ಕೂವರೆ ಗಂಟೆಗಳ ಕಾಲ ನಿಂತು ವಾಯುವಿನ ಭಾರವನ್ನು ಅಳೆದನು, ನೀರು ಕುದಿಯುವ ಉಷ್ಣವನ್ನು ನೋಡಿದನು, ನೀಲಿಯ ಛಾಯೆಗಳನ್ನು ಬಳಿದ ಕಾಗದಗಳನ್ನು ಹಿಡಿದು ಆಕಾಶದ ಬಣ್ಣವನ್ನು ಹೋಲಿಸಿದನು. ೨೦೧೩ರ ಜುಲೈಯಲ್ಲಿ ಕತಲೋನಿಯದ ಓಟಗಾರ ಕಿಲಿಯನ್ ಜೋರ್ನೆ ಅವರು ಶಾಮೊನಿಯ ಊರಿನಿಂದ ಹೊರಟು ಅದೇ ಶಿಖರವನ್ನು ಮುಟ್ಟಿ ಊರಿಗೆ ಹಿಂದಿರುಗಿದುದು ಐದು ಗಂಟೆಗೂ ಕೊಂಚ ಕಡಮೆಯ ಕಾಲದಲ್ಲಿ. ಒಬ್ಬನು ಶಿಖರದಲ್ಲಿ ನಿಂತ ಕಾಲಕ್ಕೂ ಇನ್ನೊಬ್ಬರು ಹತ್ತಿ ಇಳಿದ ಕಾಲಕ್ಕೂ ಅರ್ಧ ಗಂಟೆಯಷ್ಟು ಮಾತ್ರ ಅಂತರ.

ನಿಧಾನದ ಪಕ್ಷದವರು ಇದನ್ನು ಕೇಳಿ ಸಂತೋಷಪಡುವುದಕ್ಕೆ ಮುನ್ನ ಸೊಸ್ಯೂರನು ತಾನೇ ಬರೆದಿಟ್ಟ ಸಂಗತಿಯನ್ನು ಗಮನಿಸಬೇಕು. ಇಪ್ಪತ್ತೇಳು ವರ್ಷ ಹಂಬಲಿಸಿದ ಶಿಖರದ ಹಿಮವನ್ನು ತುಳಿದಾಗ ತನಗುಂಟಾದುದು ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ಕೋಪವೆಂದು ಅವನು ಒಪ್ಪಿಕೊಂಡಿದ್ದಾನೆ. ವಾಯು ತೆಳುವಾಗಿ ದೇಹ ಸೋತಿತ್ತು. ಬಹುಕಾಲದ ಹಂಬಲವೇ ಅನುಭವದ ಸಿಹಿಯನ್ನು ತಿಂದುಬಿಟ್ಟಿತ್ತು. ಕಾಲವನ್ನು ಹೆಚ್ಚು ಕೊಟ್ಟವನಿಗೆ ಆನಂದವು ಹೆಚ್ಚು ದೊರೆಯುತ್ತದೆಂಬ ನಿಯಮವಿಲ್ಲ. ಆದರೆ ಅವನು ಕೋಪದಲ್ಲಿಯೂ ನಿಂತನು, ನಿಂತು ಅಳೆದನು, ಅಳೆದುದನ್ನು ಲೋಕಕ್ಕೆ ಕೊಟ್ಟನು. ಸೊಸ್ಯೂರನ ಹೆಚ್ಚಳವಿರುವುದು ನಡೆದುದರಲ್ಲಿ ಅಲ್ಲ, ನಿಂತುದರಲ್ಲಿ. ಇತ್ತ ಓಟಗಾರನನ್ನೂ ನ್ಯಾಯವಾಗಿ ನೋಡಬೇಕು. ಪ್ರತಿಯೊಂದು ಕಲ್ಲನ್ನೂ ಅದು ಅಲುಗುವುದೋ ಇಲ್ಲವೋ ಎಂದು ಕ್ಷಣದಲ್ಲಿ ನಿರ್ಣಯಿಸುವ ಕಣ್ಣು, ಉಸಿರಿನ ಲೆಕ್ಕವನ್ನು ತಪ್ಪದೆ ಇಡುವ ಎದೆ, ಗಾಳಿಯ ದಿಕ್ಕು ಬದಲಾದುದನ್ನು ಚರ್ಮದಿಂದಲೇ ಅರಿಯುವ ದೇಹ, ಇವುಗಳಲ್ಲಿ ಉಪೇಕ್ಷೆಗೆ ಎಡೆಯೇ ಇಲ್ಲ. ಮಾತನಾಡುತ್ತ ನಡೆವವನು ದಾರಿಯನ್ನು ಮರೆಯಬಲ್ಲನು. ಬಂಡೆಯ ಮೇಲೆ ಓಡುವವನು ಮರೆತರೆ ಉಳಿಯಲಾರನು.

ಆದರೂ ಇಲ್ಲೊಂದು ವಿವೇಕವನ್ನು ಮಾಡಲೇಬೇಕು. ಏಕಾಗ್ರತೆಯು ಎರಡು ಬಗೆ. ದ್ರೋಣನು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆಂದು ಕೇಳಿದಾಗ, ಗುರಿಯೊಂದನ್ನುಳಿದು ಮಿಕ್ಕುದೇನೂ ಕಾಣದೆಂದ ಅರ್ಜುನನು ಪರೀಕ್ಷೆಯಲ್ಲಿ ಗೆದ್ದನು. ಅದು ಲಕ್ಷ್ಯದ ಏಕಾಗ್ರತೆ. ಅಲ್ಲಿ ಮರವೂ ಕೊಂಬೆಯೂ ಇಲ್ಲವಾಗಬೇಕು. ಆದರೆ ಅದೇ ಅರ್ಜುನನು ವನಪರ್ವದಲ್ಲಿ ಒಂದು ಸರೋವರದ ತೀರದಲ್ಲಿ ಸೋತನು. ಬಾಯಾರಿದ ಪಾಂಡವರು ಒಬ್ಬೊಬ್ಬರಾಗಿ ನೀರಿಗೆ ಬಂದರು. ಮೊದಲು ತನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಆಮೇಲೆ ಕುಡಿಯಬೇಕೆಂಬ ಯಕ್ಷನ ಧ್ವನಿಯನ್ನು ನಾಲ್ವರೂ ಕೇಳಿದರು; ಕೇಳಿಯೂ ನಿಲ್ಲದೆ ಕುಡಿದು ಬಿದ್ದರು. ಬಾಯಾರಿಕೆ ತಪ್ಪಲ್ಲ, ಬೇಗ ಬಂದುದೂ ತಪ್ಪಲ್ಲ. ಯುಧಿಷ್ಠಿರನಿಗೂ ಅಷ್ಟೇ ಬಾಯಾರಿಕೆಯಿತ್ತು. ಅವನು ನಿಂತನು, ಕೇಳಿದುದಕ್ಕೆ ಉತ್ತರ ಕೊಟ್ಟನು. ತಾನೂ ಉಳಿದು ತಮ್ಮಂದಿರನ್ನೂ ಉಳಿಸಿಕೊಂಡನು. ಹಕ್ಕಿಯ ಕಣ್ಣಿನ ಮುಂದೆ ಗುಣವಾದ ಏಕಾಗ್ರತೆಯು ಸರೋವರದ ಮುಂದೆ ದೋಷವಾಯಿತು. ಏಕೆಂದರೆ ಸರೋವರವು ಗುರಿಯಲ್ಲ, ಅದಕ್ಕೆ ಒಡೆಯನೊಬ್ಬನಿದ್ದನು, ಅವನಿಗೆ ಹೇಳಬೇಕಾದ ಮಾತಿತ್ತು.

ಇನ್ನು ಎರಡನೆಯ ಆಕ್ಷೇಪ, ಎಂದರೆ ಗಡಿಯಾರದ ಮಾತು. ೨೦೦೩ರಲ್ಲಿ ಶಾಮೊನಿಯಿಂದ ಹೊರಟು, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರು ದೇಶಗಳ ನೆಲವನ್ನು ತುಳಿದು, ಧವಳಗಿರಿಯನ್ನು ಪೂರ್ತಿಯಾಗಿ ಸುತ್ತಿ ಶಾಮೊನಿಗೇ ಹಿಂದಿರುಗುವ ಓಟದ ಪಂದ್ಯವೊಂದು ಆರಂಭವಾಯಿತು. ಇಂದು ಅದರ ದೂರ ೧೭೦ ಕಿಲೋಮೀಟರಿಗೂ ಮಿಕ್ಕಿದೆ. ಹತ್ತಬೇಕಾದ ಎತ್ತರವನ್ನೆಲ್ಲ ಕೂಡಿಸಿದರೆ ಸುಮಾರು ೧೦,೦೦೦ ಮೀಟರಾಗುತ್ತದೆ. ಕೊನೆಯ ಘಟ್ಟದಲ್ಲಿ ಓಟಗಾರರು ಶ್ವೇತಸರೋವರಕ್ಕಿಂತ ಕೆಳಗಿರುವ ಲಾ ಫ್ಲೇಜೇರ್ ಎಂಬ ತಾಣವನ್ನು ಹಾದು ಕಣಿವೆಗೆ ಇಳಿಯುತ್ತಾರೆ. ಮೊದಲನೆಯ ವರ್ಷ ಕೆಟ್ಟ ಹವೆಯಲ್ಲಿ ಸುಮಾರು ೭೦೦ ಮಂದಿ ಹೊರಟರು. ಪೂರ್ತಿಯಾಗಿ ಸುತ್ತಿ ಬಂದವರು ಎಪ್ಪತ್ತಕ್ಕೂ ಕಡಮೆ. ಮೊದಲಿಗರಾಗಿ ಬಂದವರು ನೇಪಾಳದ ದಾವಾ ಶೆರ್ಪಾ. ಅವರು ತೆಗೆದುಕೊಂಡ ಕಾಲ ಇಪ್ಪತ್ತು ಗಂಟೆಗಳಿಗೆ ಕೆಲವೇ ನಿಮಿಷ ಹೆಚ್ಚು.

ಪರ್ವತವನ್ನು ಸುತ್ತಿ ಹೊರಟ ಸ್ಥಳಕ್ಕೇ ಬರುವುದಕ್ಕೆ ಭಾರತದಲ್ಲಿ ಬೇರೊಂದು ಹೆಸರಿದೆಯೆಂಬುದನ್ನು ಹೇಳಬೇಕಾದುದಿಲ್ಲ. ಕೈಲಾಸಕ್ಕೂ ಅರುಣಾಚಲಕ್ಕೂ ಪ್ರದಕ್ಷಿಣೆ ಮಾಡುವವರು ಶಿಖರವನ್ನು ತುಳಿಯುವುದಿಲ್ಲ. ಅದನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತಾರೆ. ಹಾಗೆಂದು ಪಂದ್ಯವನ್ನೇ ಪ್ರದಕ್ಷಿಣೆಯೆಂದುಬಿಡುವುದು ಉದಾರತೆಯ ಅತಿರೇಕ. ಪ್ರದಕ್ಷಿಣೆಯಲ್ಲಿ ಮೊದಲಿಗನೆಂಬವನಿಲ್ಲ. ಆದರೆ ಅದನ್ನು ಕೇವಲ ಅಹಂಕಾರವೆನ್ನುವುದೂ ಅನ್ಯಾಯ. ಯಾತ್ರಿಕರೂ ಲೆಕ್ಕವಿಡುವುದುಂಟು: ಇಷ್ಟು ಪ್ರದಕ್ಷಿಣೆ, ಇಷ್ಟು ಲಕ್ಷ ಜಪ, ಇಷ್ಟು ಸಲ ಕಾಶೀಯಾತ್ರೆ. ಲೆಕ್ಕವು ಚಂಚಲವಾದ ಮನಸ್ಸಿಗೆ ಊರುಗೋಲು. ಊರುಗೋಲನ್ನೇ ದೇವರೆಂದು ಪೂಜಿಸತೊಡಗಿದಾಗ ಮಾತ್ರ ಅದು ದೋಷ. ಒಬ್ಬನ ಓಟವು ಯಾವ ಪಕ್ಷಕ್ಕೆ ಸೇರಿದುದೆಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ: ಗಡಿಯಾರವು ನಿಂತುಹೋದರೆ, ನೋಡುವವರು ಯಾರೂ ಇಲ್ಲದಿದ್ದರೆ, ಅವನು ಮತ್ತೆ ಆ ದಾರಿಯಲ್ಲಿ ಹೋಗುವನೆ? ಹೋಗುವನಾದರೆ ಪರ್ವತವು ಅವನಿಗೆ ಪರ್ವತ. ಹೋಗನಾದರೆ ಅವನು ಓಡಿದುದು ಅಂಕಿಗಳ ಮೇಲೆ.

ಈ ಪಂದ್ಯದ ನಿಯಮಾವಳಿಯಲ್ಲಿ ಒಂದು ವಿಧಿಯುಂಟು. ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಶೀಲರ ಗಮನವನ್ನು ಅದು ಸೆಳೆಯಬೇಕು. ದಾರಿಯಲ್ಲಿ ಯಾವನಾದರೂ ಅಪಾಯಕ್ಕೆ ಸಿಕ್ಕಿರುವುದನ್ನು ಕಂಡ ಓಟಗಾರನು ನಿಂತು ಅವನಿಗೆ ನೆರವಾಗಬೇಕು, ರಕ್ಷಕರಿಗೆ ಸುದ್ದಿ ಮುಟ್ಟಿಸಬೇಕು. ದಾರಿಯಲ್ಲಿ ಕಸ ಎಸೆದವನಿಗೂ, ಗುರುತಿಸಿದ ದಾರಿಯನ್ನು ಬಿಟ್ಟು ಅಡ್ಡಹಾದಿ ಹಿಡಿದವನಿಗೂ ದಂಡನೆಯಿದೆ. ವೇಗವನ್ನೇ ಬೆಲೆಯೆಂದು ಎಣಿಸುವ ಪಂದ್ಯವೇ, ವೇಗಕ್ಕಿಂತ ಮೇಲಾದುದೊಂದು ಉಂಟೆಂದು ತನ್ನ ಕಟ್ಟಳೆಯಲ್ಲಿ ಒಪ್ಪಿಕೊಂಡಂತಾಯಿತು. ವರ್ಷಗಟ್ಟಲೆ ಅಭ್ಯಾಸ ಮಾಡಿ, ದೂರದೇಶದಿಂದ ಬಂದು, ನೂರು ಕಿಲೋಮೀಟರು ಓಡಿ, ಗೆಲುವು ಕಣ್ಣಿಗೆ ಕಾಣುವಂತಿರುವಾಗ, ಅಪರಿಚಿತನೊಬ್ಬನು ಕತ್ತಲಲ್ಲಿ ಬಂಡೆಯ ಕೆಳಗೆ ನರಳಿದರೆ ನಿಲ್ಲಬೇಕು. ಮಹಾಪ್ರಸ್ಥಾನದಲ್ಲಿ ಯುಧಿಷ್ಠಿರನಿಗೆ ಸ್ವರ್ಗದ ರಥವು ಎದುರಿಗೆ ಬಂದು ನಿಂತಾಗ, ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಏರಲಾರೆನೆಂದು ಅವನು ನಿಂತುದೂ ಇದೇ ಬಗೆಯ ನಿಲವು. ಬಾಣಕ್ಕೂ ಮನುಷ್ಯನಿಗೂ ಇರುವ ಭೇದವಿದು. ಬಾಣವು ವೇಗ ತೀರಿದಾಗ ಬೀಳುತ್ತದೆ. ನಿಲ್ಲುವುದು ಅದಕ್ಕೆ ತಿಳಿಯದು. ವೇಗವು ತೀರದಿರುವಾಗಲೂ ನಿಲ್ಲಬಲ್ಲವನು ಮನುಷ್ಯ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗುರುತರವಾದುದು. ಏಕೆಂದರೆ ಮೊದಲೆರಡರಲ್ಲಿ ನಷ್ಟವಾದರೆ ಓಟಗಾರನಿಗೇ ನಷ್ಟ, ಇದರಲ್ಲಿ ನಷ್ಟವು ಬಾಯಿಲ್ಲದವುಗಳದು. ರಕ್ಷಿತ ಪ್ರದೇಶವೆಂದರೆ ಮನುಷ್ಯನು ತನ್ನ ಇಷ್ಟವನ್ನು ಹೊಸಲಿನ ಹೊರಗೆ ಕಳಚಿಟ್ಟು ಒಳಗೆ ಹೋಗಬೇಕಾದ ಮನೆ. ಆ ಮನೆಯವರಲ್ಲಿ ಮುಖ್ಯವಾದುದು ಐಬೆಕ್ಸ್ ಎಂಬ ದೊಡ್ಡ ಕೋಡಿನ ಕಾಡುಮೇಕೆ. ಬೇಟೆಗಾರರ ಕೈಗೆ ಸಿಕ್ಕಿ ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಇಡೀ ಆಲ್ಪ್ಸಿನಲ್ಲಿ ಅದರ ಸಂತತಿಯು ನೂರರಷ್ಟಕ್ಕೆ ಇಳಿದು, ಇಟಲಿಯ ಗ್ರಾನ್ ಪಾರದೀಸೊ ಪರ್ವತದ ಸುತ್ತಮುತ್ತ ಮಾತ್ರ ಉಳಿದಿತ್ತು. ೧೮೫೬ರಲ್ಲಿ ರಾಜನಾದ ಎರಡನೆಯ ವಿಕ್ಟರ್ ಇಮ್ಯಾನ್ಯುಯಲನು ಆ ಪ್ರದೇಶವನ್ನು ತನ್ನ ಸ್ವಂತ ಬೇಟೆಯ ಕಾಡಾಗಿ ಮಾಡಿಕೊಂಡು ಕಾವಲಿಟ್ಟನು. ೧೯೨೨ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇಂದು ಆಲ್ಪ್ಸಿನ ಬೆಟ್ಟಗಳಲ್ಲೆಲ್ಲ ಸಾವಿರಗಟ್ಟಲೆಯಾಗಿ ಮೇಯುವ ಐಬೆಕ್ಸುಗಳು ಆ ಅಳಿದುಳಿದ ಹಿಂಡಿನ ಮಕ್ಕಳೇ. ರಾಜನ ಉದ್ದೇಶ ಬೇಟೆ, ಫಲ ರಕ್ಷಣೆ. ಅಶುದ್ಧವಾದ ಇಚ್ಛೆಯಿಂದಲೂ ಒಮ್ಮೊಮ್ಮೆ ಒಳಿತಾಗುತ್ತದೆಂದು ಇದರಿಂದ ತಿಳಿಯುತ್ತದೆ; ಆದರೆ ಅದನ್ನೇ ನಂಬಿ ಕುಳಿತುಕೊಳ್ಳುವುದು ಜಾಣತನವಲ್ಲ.

ಐಬೆಕ್ಸು ಮನುಷ್ಯರಿಗೆ ಅಷ್ಟಾಗಿ ಅಂಜುವ ಮೃಗವಲ್ಲ. ಅಂಜುವ ಜೀವಗಳು ಬೇರೆ ಇವೆ. ಕಪ್ಪು ಗ್ರೌಸ್ ಎಂಬ ಕಾಡುಕೋಳಿಯ ಜಾತಿಯ ಹಕ್ಕಿಯು ಚಳಿಗಾಲದಲ್ಲಿ ಹಿಮದೊಳಗೆ ಗೂಡು ತೋಡಿ, ದೇಹದ ಶಕ್ತಿಯನ್ನು ಸೋರಿಹೋಗದಂತೆ ಕಾದುಕೊಂಡು ಅಡಗಿರುತ್ತದೆ. ಹಠಾತ್ತಾಗಿ ಯಾರಾದರೂ ಹಾದರೆ ಹಾರಲೇಬೇಕು. ಹಾರಿದರೆ ಕೂಡಿಟ್ಟುಕೊಂಡ ಶಕ್ತಿಯು ವ್ಯಯವಾಗುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಹಿಮದ ಮೇಲೆ ಜಾರುವ ಆಟಗಾರರು ಹೆಚ್ಚಾಗಿರುವ ಕಡೆ ಈ ಹಕ್ಕಿಗಳ ಹಿಕ್ಕೆಯಲ್ಲಿ ಭಯದ ರಸಾಯನವು ಹೆಚ್ಚಾಗಿರುವುದನ್ನು ೨೦೦೭ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆಟಗಾರರು ಹಕ್ಕಿಗೆ ಕೇಡನ್ನು ಬಯಸಿದವರಲ್ಲ. ಅಲ್ಲಿ ಹಕ್ಕಿಯಿದೆಯೆಂಬುದೇ ಅವರಿಗೆ ತಿಳಿದಿರಲಾರದು. ತಿಳಿಯದಿರುವುದೇ ಇಲ್ಲಿನ ದೋಷ. ಮೆಲ್ಲನೆ ಬರುವವನ ಹೆಜ್ಜೆಯ ಸಪ್ಪಳವು ಅವನಿಗಿಂತ ಮುಂಚೆ ಹೋಗಿ ಸುದ್ದಿ ಹೇಳುತ್ತದೆ. ಜೀವಿಗಳಿಗೆ ಸರಿದುಕೊಳ್ಳಲು ಬಿಡುವಾಗುತ್ತದೆ. ಓಡಿ ಬರುವವನು ಸುದ್ದಿಯೊಡನೆಯೇ ಬಂದುಬಿಡುತ್ತಾನೆ. ಹಿಂದೆ ಹೇಳಿದ ಅಕ್ಷರವನ್ನು ನುಂಗುವ ದೋಷವು ಇದೇ: ಹಕ್ಕಿಗೆ ಸಲ್ಲಬೇಕಾದ ಕಾಲವು ಹಕ್ಕಿಗೆ ಸಲ್ಲಲಿಲ್ಲ.

ಸ್ಥಿತಿಸ್ಥಾಪಕದ ಮಾತು ಇಲ್ಲಿ ಬರುತ್ತದೆ. ಬಗ್ಗಿಸಿದ ಕೊಂಬೆಯು ಹಿಂದಿರುಗುತ್ತದೆ, ನಿಜ. ಎಷ್ಟು ಬೇಗ ಹಿಂದಿರುಗುತ್ತದೆಂಬುದು ಕೊಂಬೆಕೊಂಬೆಗೆ ಬೇರೆ. ಎತ್ತರದ ಬೆಟ್ಟಗಳಲ್ಲಿ ಸೈಲೀನ್ ಎಂಬ ಗಿಡವೊಂದು ಹಸುರು ಮೆತ್ತೆಯಂತೆ ನೆಲಕ್ಕೆ ಅಂಟಿಕೊಂಡು ಬೆಳೆದು ನಸುಗೆಂಪು ಹೂ ಬಿಡುತ್ತದೆ. ಅದರ ಬೆಳವಣಿಗೆಯು ಬಹಳ ನಿಧಾನ. ಅಂಗೈಯಗಲದ ಮೆತ್ತೆಗೆ ಹಲವು ದಶಕಗಳ ವಯಸ್ಸಾಗಿರಬಹುದು. ನೂರು ವರ್ಷ ಮೀರಿದವೂ ಇವೆ. ದಾರಿಯ ತಿರುವನ್ನು ಸುತ್ತುವ ಬೇಸರಕ್ಕೆ ನೇರವಾಗಿ ಇಳಿದವನ ಒಂದು ಹಿಮ್ಮಡಿಯು ಅದನ್ನು ಕಿತ್ತುಹಾಕಲು ಸಾಕು. ಅವನಿಗೆ ಮಿಕ್ಕಿದುದು ಐದು ಸೆಕೆಂಡು. ಗಿಡಕ್ಕೆ ಹೋದುದು ಅವನ ಆಯುಸ್ಸಿನಷ್ಟು ಕಾಲ. ಬಳಿಕ ಮಳೆಯ ನೀರು ಅದೇ ಜಾಡನ್ನು ಹಿಡಿದು ಮಣ್ಣನ್ನು ಕೊರೆಯುತ್ತದೆ, ಮುಂದಿನವರು ಅದನ್ನೇ ದಾರಿಯೆಂದು ತಿಳಿಯುತ್ತಾರೆ. ವೇಗಿಗಳ ಐದೈದು ಸೆಕೆಂಡುಗಳಿಂದ ಒಂದು ಬೆಟ್ಟದ ಮೈ ಹರಿಯುತ್ತದೆ.

ಆದರೆ ಈ ತಕ್ಕಡಿಯಲ್ಲಿ ಓಟಗಾರನನ್ನು ಮಾತ್ರ ತೂಗಿದರೆ ನ್ಯಾಯವಾಗದು. ಶ್ವೇತಸರೋವರದ ತೀರದಲ್ಲಿ ನಿಂತವನಿಗೆ ಎದುರಿಗೆ ಮೇರ್ ದ ಗ್ಲಾಸ್, ಎಂದರೆ ಹಿಮಸಾಗರವೆಂಬ ಹಿಮನದಿಯು ಕಾಣುತ್ತದೆ. ಅದನ್ನು ನೋಡಲೆಂದೇ ಶಾಮೊನಿಯಿಂದ ಮೋಂತಾನ್ವೇರಿಗೆ ಬೆಟ್ಟದ ರೈಲು ೧೯೦೯ರಲ್ಲಿ ಪೂರ್ತಿಯಾಯಿತು. ಅಂದು ನಿಲ್ದಾಣದಿಂದ ಸ್ವಲ್ಪ ಇಳಿದರೆ ಹಿಮದ ಮೇಲೆ ಕಾಲಿಡಬಹುದಾಗಿತ್ತು. ಬಳಿಕ ಹಿಮವು ಕುಸಿಯುತ್ತ ಕುಸಿಯುತ್ತ ಅಲ್ಲಿ ನೂರು ಮೀಟರಿಗೂ ಮಿಕ್ಕು ತಗ್ಗಿತು. ದಶಕದಿಂದ ದಶಕಕ್ಕೆ ಮೆಟ್ಟಿಲುಗಳನ್ನು ಕೂಡಿಸುತ್ತ ಹೋಗಬೇಕಾಯಿತು. ಇದನ್ನು ಓಟಗಾರರ ಕಾಲುಗಳು ಮಾಡಲಿಲ್ಲ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಲೋಕವೆಲ್ಲ ಪಡೆದ ವೇಗವು ಮಾಡಿತು. ಅದರಲ್ಲಿ ವಿಮಾನವೇರಿ ಪಂದ್ಯಕ್ಕೆ ಬರುವವರ ಪಾಲೂ ಉಂಟು, ವಿಮಾನವೇರಿ ನಿಧಾನವಾಗಿ ನಡೆಯಲು ಬರುವವರ ಪಾಲೂ ಉಂಟು. ಸಾವಿರಾರು ಮೈಲಿಗಳನ್ನು ಹ್ರಸ್ವಾಕ್ಷರದಂತೆ ನುಂಗಿ, ಕೊನೆಯ ನಾಲ್ಕು ಮೈಲಿಗಳನ್ನು ದೀರ್ಘವಾಗಿ ಉಚ್ಚರಿಸಿದ ಮಾತ್ರಕ್ಕೆ ಪಾಠವು ಶುದ್ಧವಾಯಿತೆನ್ನಲಾಗದು. ಹೆಜ್ಜೆಯ ವೇಗವನ್ನು ನಿಂದಿಸುವವನು ತನ್ನ ಜೀವನದ ವೇಗವನ್ನೂ ಒಮ್ಮೆ ಲೆಕ್ಕ ಹಾಕಬೇಕು.

ಹಾಗಾದರೆ ಸಿದ್ಧಾಂತವೇನು? ವೇಗವು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ತಾರ್ಕಿಕರು ವೇಗದ ಆಶ್ರಯಗಳನ್ನು ಹೇಳುವಾಗ ಪೃಥಿವಿ, ಜಲ, ತೇಜಸ್ಸು, ವಾಯು, ಮನಸ್ಸು ಎಂದು ಐದನ್ನು ಎಣಿಸಿ ನಿಲ್ಲಿಸುತ್ತಾರೆ, ಆತ್ಮದಲ್ಲಿ ವೇಗವಿಲ್ಲ. ಆತ್ಮದಲ್ಲಿ ಇರುವುದು ಭಾವನೆ ಮಾತ್ರ. ಓಡುವುದು ದೇಹ, ಅದಕ್ಕಿಂತ ಮುಂಚೆ ಓಡುವುದು ಮನಸ್ಸು. ಸರೋವರದಿಂದ ಹಿಂದಿರುಗುವಾಗ ಮನುಷ್ಯನು ತನ್ನದಾಗಿ ತರುವುದು ಆ ಭಾವನೆಯನ್ನೇ. ಕಾಲದ ದಾಖಲೆಯು ಇನ್ನೊಬ್ಬನು ಮೀರುವವರೆಗೆ ಇರುತ್ತದೆ. ೨೦೦೩ರ ವಿಜಯದ ಗಂಟೆಗಳನ್ನು, ದಾರಿಯು ಇನ್ನೂ ಉದ್ದವಾದ ಮೇಲೆ, ೨೦೨೨ರಲ್ಲಿ ಇಪ್ಪತ್ತರ ಕೆಳಕ್ಕೆ ಇಳಿಸಿದರು. ೨೦೨೩ರಲ್ಲಿ ಅದನ್ನೂ ಮೀರಿದರು. ಆದರೆ ಬೆಳಗಿನ ನೀರಿನಲ್ಲಿ ತಲೆಕೆಳಗಾಗಿ ಕಂಡ ಶಿಖರವನ್ನು ಯಾರೂ ಮೀರಲಾರರು.

ಕಾಳಿದಾಸನ ಮೇಘದೂತದಲ್ಲಿ ಯಕ್ಷನ ಸಂದೇಶವು ಅವಸರದ್ದು. ಅಗಲಿದ ಪ್ರಿಯೆಯ ಪ್ರಾಣವೇ ಅದನ್ನು ಕಾದಿದೆ. ಆದರೂ ಅವನು ಮೋಡಕ್ಕೆ ದಾರಿಯುದ್ದಕ್ಕೂ ನಿಲ್ಲಬೇಕಾದ ಬೆಟ್ಟಗಳನ್ನೂ ಹೊಳೆಗಳನ್ನೂ ಹೇಳುತ್ತಾನೆ; ದಾರಿ ವಕ್ರವಾದರೂ ಉಜ್ಜಯಿನಿಯನ್ನು ನೋಡದೆ ಹೋಗಬಾರದೆನ್ನುತ್ತಾನೆ. ದಣಿದ ಕಡೆ ಬೆಟ್ಟದ ಮೇಲೆ ಕುಳಿತುಕೊಳ್ಳಬೇಕು, ಬಾಯಾರಿದ ನೆಲಕ್ಕೆ ಮಳೆ ಸುರಿಸಿ ಮುಂದೆ ಹೋಗಬೇಕು. ಅವಸರವಿದ್ದವನಿಗೂ ನಿಲುಗಡೆಗಳುಂಟೆಂಬುದು, ನಿಂತ ಕಡೆ ಏನಾದರೂ ಕೊಟ್ಟು ಹೋಗಬೇಕೆಂಬುದು ಆ ಕಾವ್ಯದ ಪೂರ್ವಭಾಗದಿಂದ ತಿಳಿಯುವ ಧರ್ಮ. ದೂತನಿಗೆ ಒಪ್ಪುವ ಧರ್ಮವು ಓಟಗಾರನಿಗೂ ಒಪ್ಪುತ್ತದೆ, ಗೃಹಸ್ಥನಿಗೂ ಒಪ್ಪುತ್ತದೆ. ಪರೀಕ್ಷೆಯ ಅಂಕಗಳಿಗಾಗಿ ಪುಸ್ತಕವನ್ನು ಓಡಿಸುವ ಬಾಲಕನೂ, ಹೊತ್ತಾಯಿತೆಂದು ದೇವರ ಪೂಜೆಯನ್ನು ಓಡಿಸುವ ಯಜಮಾನನೂ, ಅತಿಥಿಯ ಮಾತು ಮುಗಿಯುವ ಮುನ್ನ ಉತ್ತರವನ್ನು ಓಡಿಸುವ ಪಂಡಿತನೂ ಪರ್ವತವನ್ನು ಕಾಣದೆಯೇ ಆ ಬೆಟ್ಟದ ದಾರಿಯಲ್ಲಿದ್ದಾರೆ.

ಆದುದರಿಂದ ಓಟದ ಧರ್ಮವನ್ನು ಕಾಲಿನ ವೇಗದಿಂದ ಅಳೆಯಲಾಗದು, ನಿಲ್ಲುವ ಶಕ್ತಿಯಿಂದ ಅಳೆಯಬೇಕು. ಏಣಿಯ ಬುಡದಲ್ಲಿ ಇಳಿಯುತ್ತಿರುವ ಮುದುಕಿಗಾಗಿ ನಿಲ್ಲಬಲ್ಲವನು, ತಿರುವಿನಲ್ಲಿ ಗಿಡಕ್ಕಾಗಿ ಸುತ್ತಬಲ್ಲವನು, ಹಕ್ಕಿಗಳು ಮರಿಮಾಡುವ ತಿಂಗಳಲ್ಲಿ ಆ ದಾರಿಯನ್ನೇ ಬಿಡಬಲ್ಲವನು, ಬಿದ್ದವನ ಪಕ್ಕದಲ್ಲಿ ಕುಳಿತು ತನ್ನ ಗಂಟೆಗಳು ಹೋಗುವುದನ್ನು ನೋಡಬಲ್ಲವನು ಎಷ್ಟು ಬೇಗ ಓಡಿದರೂ ದೋಷವಿಲ್ಲ. ಅವನ ವೇಗವು ಅವನ ಕೈಯಲ್ಲಿದೆ. ನಿಲ್ಲಲಾರದವನು ನಡೆದುಕೊಂಡು ಹೋದರೂ ಬಾಣವೇ. ಅಂಥವನು ಸರೋವರದ ತೀರವನ್ನು ಮುಟ್ಟಿದರೂ ಅಲ್ಲಿ ಕೇಳುವ ಧ್ವನಿಗೆ ಉತ್ತರ ಕೊಡುವಷ್ಟು ಹೊತ್ತು ಅವನಲ್ಲಿರುವುದಿಲ್ಲ. ನೀರು ಮುಂದಿದ್ದರೂ ಅದನ್ನು ಕುಡಿಯುವ ಹಕ್ಕು ಅವನಿಗೆ ಇನ್ನೂ ಬಂದಿಲ್ಲ.